ಮರದ ಬುಡಕ್ಕಿಷ್ಟು ಮಣ್ಣು ಬಿಡೋಣ



ಬೆಂಗಳೂರಿನ ಬಗ್ಗೆ ಮಾತನಾಡು ಎಂದಿದ್ದೀರಿ. ಕಂಪ್ಯೂಟರ್ ವಿಷಯ ಬಿಟ್ಟು ಅಲ್ಲಿನ ಮರಗಳ ಬಗ್ಗೆ ಹೇಳುತ್ತೇನೆ. ಆ ಬೀದಿಗಳ ಹಸಿರು ತಾನಾಗಿ ಹುಟ್ಟಿದ್ದಲ್ಲ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಜರ್ಮನಿಯ ಕ್ರುಂಬಿಗಲ್, ಒಂದು ಜಾತಿಯ ಹೂ ಉದುರುವಷ್ಟರಲ್ಲಿ ಇನ್ನೊಂದು ಅರಳಬೇಕೆಂದು ಲೆಕ್ಕ ಹಾಕಿ ಮರಗಳನ್ನು ಆರಿಸಿದರು. ಚಳಿಗಾಲಕ್ಕೆ ಆಕಾಶಮಲ್ಲಿಗೆ, ಮಾರ್ಚಿಗೆ ನೇರಳೆ ಬಣ್ಣದ ಜಕರಂಡ, ಅದು ಮುಗಿಯುವ ಹೊತ್ತಿಗೆ ಗುಲ್‌ಮೊಹರ್. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಐದು ವರ್ಷಗಳಲ್ಲಿ ಸುಮಾರು 15 ಲಕ್ಷ ಸಸಿ ನೆಡಿಸಿದರು.

ಈಗ ಎಷ್ಟೋ ಕಡೆ ಮರದ ಬುಡದವರೆಗೂ ಟೈಲ್ಸು, ಕಾಂಕ್ರೀಟು. ಬೇರಿಗೆ ನೀರೂ ಇಳಿಯದು, ಗಾಳಿಯೂ ಆಡದು. ಮೇಲೆ ಹಸಿರಾಗಿಯೇ ಕಾಣುವ ಮರ ಒಂದು ಮಳೆಗಾಳಿಗೆ ಬುಡಸಮೇತ ಮಗುಚುತ್ತದೆ. ಆಮೇಲೆ ಮರವೇ ಅಪಾಯ ಅನ್ನುತ್ತೇವೆ! 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ದೆಹಲಿಯ ಮರಗಳ ಸುತ್ತ ಒಂದು ಮೀಟರ್‌ವರೆಗಿನ ಕಾಂಕ್ರೀಟ್ ತೆಗೆಯಲು ಆದೇಶಿಸಬೇಕಾಯಿತು.

ನಮ್ಮ ಶಾಲೆಯ ಅಂಗಳಕ್ಕೂ ಸುವರ್ಣ ಮಹೋತ್ಸವದ ನೆನಪಿಗೆ ಇಂಟರ್‌ಲಾಕ್ ಇಟ್ಟಿಗೆ ಹಾಸುವ ಮಾತಿದೆ. ಹಾಸಲಿ, ಮಳೆಗಾಲದ ಕೆಸರು ನನಗೂ ಗೊತ್ತು. ಆದರೆ ಹೊಂಗೆ ಮರಗಳ ಸುತ್ತ ಮೂರ್ನಾಲ್ಕು ಅಡಿ ಮಣ್ಣು ಬಿಟ್ಟು, ಚಾವಣಿಯ ನೀರು ಆ ಪಾತಿಗೆ ಇಳಿಯುವಂತೆ ಮಾಡೋಣ. ಕಟ್ಟೆ ಕಟ್ಟಿದರೂ ಬುಡಕ್ಕೆ ಸಿಮೆಂಟ್ ತಾಗದಿರಲಿ. ಇಟ್ಟಿಗೆಯ ಖರ್ಚೂ ಅಷ್ಟು ಉಳಿಯುತ್ತದೆ. ನಮ್ಮ ಬ್ಯಾಚಿನ ದೇಣಿಗೆಯನ್ನು ಈ ಕೆಲಸಕ್ಕೇ ಬಳಸಬೇಕೆಂದು ಸಮಿತಿಯವರಲ್ಲಿ ಕೇಳಿಕೊಳ್ಳುತ್ತೇನೆ.