ಸಮಯವೆಂದರೆ ಕೊಟ್ಟ ಮಾತು



‘ಸಮಯ’ ಎಂಬುದು ನಾವೆಲ್ಲರೂ ದಿನಕ್ಕೆ ಹತ್ತಾರು ಸಲ ಆಡುವ ಮಾತು. ಗಡಿಯಾರದ ಮುಳ್ಳು ತೋರಿಸುವುದಷ್ಟೇ ಅದರ ಅರ್ಥವೆಂದು ತಿಳಿದಿದ್ದೇವೆ. ‘ಸಮ್’ ಎಂಬ ಉಪಸರ್ಗ, ಹೋಗುವುದು ಎಂಬರ್ಥದ ‘ಇಣ್’ ಧಾತು, ಇವೆರಡೂ ಕೂಡಿ ಆದ ಶಬ್ದವದು. ಎಲ್ಲರೂ ಕೂಡಿ ಬರುವುದು, ಒಂದೆಡೆ ಸೇರುವುದು ಎಂಬುದೇ ಅದರ ಮೂಲಾರ್ಥ. ಅಮರಕೋಶಕಾರನು ಈ ಒಂದೇ ಪದಕ್ಕೆ ಶಪಥ, ಆಚಾರ, ಕಾಲ, ಸಿದ್ಧಾಂತ, ಒಪ್ಪಂದ ಎಂದು ಐದು ಅರ್ಥಗಳನ್ನು ಹೇಳಿದ್ದಾನೆ. ಕಾಲವೂ ಶಪಥವೂ ಒಂದೇ ಮಾತಿನೊಳಗೆ ಇವೆಯೆಂಬುದನ್ನು ಗಮನಿಸಬೇಕು. ‘ಬೆಳಗ್ಗೆ ಏಳಕ್ಕೆ ಬರುತ್ತೇನೆ’ ಎಂದವನು ಬರಿಯ ಹೊತ್ತನ್ನು ಹೇಳಲಿಲ್ಲ. ಆಣೆಯಿಟ್ಟ ಹಾಗೆ ಮಾತು ಕೊಟ್ಟನು. ಏಳೂವರೆಗೆ ಬಂದವನು ಅರ್ಧ ಗಂಟೆಯನ್ನಷ್ಟೇ ಕಳೆದುಕೊಳ್ಳಲಿಲ್ಲ, ಮಾತನ್ನೂ ಕಳೆದುಕೊಂಡನು.

ಈ ವಿಚಾರವನ್ನು ಒಂದು ದೃಷ್ಟಾಂತದಿಂದ ಹೇಳಬೇಕೆನಿಸಿದೆ. ದೃಷ್ಟಾಂತ ಪುರಾಣದ್ದಲ್ಲ, ನಮ್ಮ ಸೀಮೆಯದೂ ಅಲ್ಲ. ಇಂಗ್ಲೆಂಡಿನಲ್ಲಿ ನೆಲೆಸಿರುವ ನಮ್ಮ ಭಕ್ತರೊಬ್ಬರು ಊರಿಗೆ ಬಂದವರು ಮಠಕ್ಕೂ ಬಂದಿದ್ದರು. ಭಾನುವಾರಗಳಲ್ಲಿ ಏನು ಮಾಡುತ್ತೀರಿ ಎಂದು ಕೇಳಿದೆವು. ‘ಬುದ್ಧಿ, ಮಕ್ಕಳು ಸಣ್ಣ ಮೋಟಾರು ಗಾಡಿ ಓಡಿಸುವ ಪಂದ್ಯದಲ್ಲಿ ಬಾವುಟ ಹಿಡಿದು ನಿಲ್ಲುತ್ತೇನೆ’ ಎಂದರು. ಸಂಬಳವೆಷ್ಟು ಎಂದು ಪಕ್ಕದಲ್ಲಿದ್ದವರು ಕೇಳಿದರೆ, ‘ಏನೂ ಇಲ್ಲ’ ಎಂದರು. ಆಮೇಲೆ ಅವರು ವಿವರಿಸಿದ್ದನ್ನು ಕೇಳಿದಾಗ, ಇದು ನಮ್ಮ ಸೇವಾದಳದವರೆಲ್ಲರೂ ತಿಳಿಯಬೇಕಾದ ವಿಷಯವೆಂದು ನಮಗೆ ಕಂಡಿತು.

ಆ ಗಾಡಿಗೆ ಕಾರ್ಟ್ ಎನ್ನುತ್ತಾರೆ. 1956ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದಲ್ಲಿ, ಪಂದ್ಯದ ಕಾರುಗಳನ್ನು ಕಟ್ಟುವ ಕಸುಬಿನವನಾದ ಆರ್ಟ್ ಇಂಗೆಲ್ಸ್ ಎಂಬಾತನು ಹುಲ್ಲು ಕತ್ತರಿಸುವ ಯಂತ್ರದ ಎಂಜಿನ್ನನ್ನು ಕಬ್ಬಿಣದ ಕೊಳವೆಗಳ ಚೌಕಟ್ಟಿಗೆ ಜೋಡಿಸಿ, ನಾಲ್ಕು ಚಕ್ರ ಹಾಕಿ ಮೊದಲನೆಯ ಕಾರ್ಟನ್ನು ಮಾಡಿದನು. ಕೆಲವೇ ವರ್ಷಗಳಲ್ಲಿ ಆ ಆಟ ಇಂಗ್ಲೆಂಡಿಗೂ ಯುರೋಪಿಗೂ ಹಬ್ಬಿತು. ಅದಕ್ಕೆ ಮೇಲ್ಛಾವಣಿಯಿಲ್ಲ, ಬಾಗಿಲಿಲ್ಲ, ಹಳ್ಳದಿಣ್ಣೆಯನ್ನು ತಡೆದುಕೊಳ್ಳುವ ಸ್ಪ್ರಿಂಗೂ ಇಲ್ಲ. ಕುಳಿತವನು ನೆಲಕ್ಕೆ ತೀರ ಹತ್ತಿರದಲ್ಲಿರುತ್ತಾನೆ. ಇಂದು ಜಗತ್ಪ್ರಸಿದ್ಧರಾದ ಕಾರು ಪಂದ್ಯದ ವೀರರಲ್ಲಿ ಬಹುಮಂದಿ ಈ ಪುಟ್ಟ ಗಾಡಿಯಲ್ಲೇ ಅಕ್ಷರಾಭ್ಯಾಸ ಮಾಡಿದವರು. ಇಂಗ್ಲೆಂಡಿನ ಲೂಯಿಸ್ ಹ್ಯಾಮಿಲ್ಟನ್ ಎಂಟನೆಯ ವಯಸ್ಸಿನಲ್ಲಿ ಆರಂಭಿಸಿದನು. ಜರ್ಮನಿಯ ಮೈಕೆಲ್ ಶುಮಾಕರನ ತಂದೆ ಇಟ್ಟಿಗೆ ಕಟ್ಟುವ ಕೆಲಸದವನು. ಕೆರ್ಪೆನ್ ಎಂಬಲ್ಲಿ ಕಾರ್ಟ್ ಪಥವನ್ನು ನೋಡಿಕೊಳ್ಳುತ್ತಿದ್ದನು, ತಾಯಿ ಅಲ್ಲಿಯ ಉಪಾಹಾರದ ಅಂಗಡಿಯಲ್ಲಿ ದುಡಿಯುತ್ತಿದ್ದಳು.

ಆದರೆ ನಾವು ಹೇಳಬೇಕಾದದ್ದು ಆ ವೀರರ ಮಾತಲ್ಲ. ಊರೂರಿನಲ್ಲಿ ಹವ್ಯಾಸಿಗಳು ಕಟ್ಟಿಕೊಂಡ ಕ್ಲಬ್ಬುಗಳಿವೆ. ತಿಂಗಳಿಗೊಂದು ಭಾನುವಾರ ಪಂದ್ಯ ನಡೆಯುತ್ತದೆ. ಅಲ್ಲಿ ಓಡಿಸುವವರು ಹಣ ಕಟ್ಟುತ್ತಾರೆ; ಓಡಿಸಲು ಅನುವು ಮಾಡಿಕೊಡುವವರಲ್ಲಿ ಹೆಚ್ಚಿನವರು ಏನನ್ನೂ ಪಡೆಯದವರು. ಪಥದ ಒಂದೊಂದು ತಿರುವಿನಲ್ಲಿಯೂ ಮಾರ್ಷಲ್ ಎಂಬ ಸ್ವಯಂಸೇವಕ ನಿಲ್ಲುತ್ತಾನೆ. ಅವನ ಕೈಯಲ್ಲಿ ಬಾವುಟಗಳಿರುತ್ತವೆ. ಹಳದಿ ಬೀಸಿದರೆ ಮುಂದೆ ಅಪಾಯವಿದೆ, ನಿಧಾನಿಸು, ಯಾರನ್ನೂ ಹಿಂದೆ ಹಾಕಬೇಡ ಎಂದರ್ಥ. ಕೆಂಪು ಬೀಸಿದರೆ ಓಟ ನಿಂತಿತು. ನೀಲಿ ತೋರಿದರೆ ನಿನ್ನ ಹಿಂದೆ ಹೆಚ್ಚು ವೇಗದವನಿದ್ದಾನೆ ಎಂದು ತಿಳಿಯಬೇಕು. ಗಾಡಿ ಮಗುಚಿದರೆ ಓಡಿಹೋಗಿ ಎತ್ತುವವನೂ ಅವನೇ.

ಎಂಟು ವರ್ಷದ ಮಕ್ಕಳೂ ಅಲ್ಲಿ ಓಡಿಸುತ್ತಾರೆ. ಮಗುವಿನ ಗಾಡಿ ಗಂಟೆಗೆ 72 ಕಿಲೋಮೀಟರು ವೇಗದಲ್ಲಿ ಹೋಯಿತೆನ್ನಿ. ಅಂದರೆ ಸೆಕೆಂಡಿಗೆ 20 ಮೀಟರು. ತಿರುವಿನಾಚೆ ಒಂದು ಗಾಡಿ ಅಡ್ಡ ನಿಂತಿದೆ, ಬರುತ್ತಿರುವ ಮಗುವಿಗೆ ಅದು ಕಾಣದು. ಬಾವುಟದವನು ಎರಡು ಸೆಕೆಂಡು ಮೈಮರೆತರೆ ಆ ಮಗು 40 ಮೀಟರು ಅಪಾಯದ ಹತ್ತಿರಕ್ಕೆ ಬಂದಿರುತ್ತದೆ. ಬೇಲಿಯಾಚೆ ನಿಂತ ತಾಯಿಯ ಜೀವವೆಲ್ಲ ಯಾರ ಕೈಯಲ್ಲಿದೆ? ಹೆಸರೂ ಗೊತ್ತಿಲ್ಲದ ಒಬ್ಬ ಸ್ವಯಂಸೇವಕನ ಕೈಯಲ್ಲಿದೆ. ಅವನಿಗೆ ಸಂಬಳವಿಲ್ಲವೆಂದು ಅವನ ಹೊಣೆ ಕಡಿಮೆಯಾಯಿತೇ?

ಈಗ ಆ ದಿನದ ಕ್ರಮವನ್ನು ಕೇಳಿರಿ. ಬೆಳಗ್ಗೆ ಎಲ್ಲರೂ ಬಂದು ಪುಸ್ತಕದಲ್ಲಿ ರುಜು ಮಾಡಬೇಕು, ಆಟಗಾರನೂ ಅಷ್ಟೆ, ಮಾರ್ಷಲನೂ ಅಷ್ಟೆ. ಗಾಡಿಗಳ ಬ್ರೇಕು, ಚಕ್ರ, ಶಿರಸ್ತ್ರಾಣಗಳ ತಪಾಸಣೆಯಾಗಬೇಕು. ಆಮೇಲೆ ಪಂದ್ಯದ ಅಧಿಕಾರಿಯು ಆಟಗಾರರನ್ನೆಲ್ಲ ಕೂಡಿಸಿ ಆ ದಿನದ ನಿಯಮಗಳನ್ನು ಹೇಳುತ್ತಾನೆ. ಅದನ್ನು ತಪ್ಪಿಸಿಕೊಂಡವನಿಗೆ ದಂಡವುಂಟು, ಓಡಲು ಬಿಡದಿರುವುದೂ ಉಂಟು. ನಂತರ ಅಭ್ಯಾಸದ ಓಟ, ಆಮೇಲೆ ಸರದಿಯ ಓಟಗಳು, ಸಂಜೆಗೆ ಅಂತಿಮ ಓಟ. ಇದೆಲ್ಲವೂ ಸರಪಣಿಯ ಕೊಂಡಿಗಳಂತೆ ಒಂದಕ್ಕೊಂದು ಸೇರಿಕೊಂಡಿದೆ. ತಿರುವುಗಳಲ್ಲಿ ಬೇಕಾದಷ್ಟು ಮಾರ್ಷಲರು ನಿಲ್ಲದೆ ಓಟವನ್ನು ಬಿಡುವಂತಿಲ್ಲ. ವೈದ್ಯಕೀಯ ಸಿಬ್ಬಂದಿ ಇಲ್ಲದೆಯೂ ಬಿಡುವಂತಿಲ್ಲ. ಗಾಯಾಳುವನ್ನು ಕರೆದುಕೊಂಡು ಆಂಬುಲೆನ್ಸ್ ಹೋಯಿತೆಂದರೆ, ಬದಲಿ ಏರ್ಪಾಡಾಗುವತನಕ ಎಲ್ಲರೂ ಕೈಕಟ್ಟಿ ಕೂಡಬೇಕು.

ಇಂಥಲ್ಲಿ ಒಬ್ಬ ಮಾರ್ಷಲ್ ಕಾಲು ಗಂಟೆ ತಡವಾಗಿ ಬಂದನೆಂದು ಭಾವಿಸಿ. ‘ಕಾಲು ಗಂಟೆ ತಾನೆ, ಅದೂ ಬಿಟ್ಟಿ ಸೇವೆ, ಯಾರಿಗೇನು ನಷ್ಟ?’ ಎಂದು ಅವನ ಮನಸ್ಸು ಹೇಳುತ್ತದೆ. ಅಲ್ಲಿ ನೂರು ಮಂದಿ ಕಾಯುತ್ತಿದ್ದಾರೆ. ನೂರು ಕಾಲು ಗಂಟೆಗಳೆಂದರೆ 25 ಗಂಟೆ. ಒಂದು ಹಗಲು, ಒಂದು ರಾತ್ರಿ, ಅದರ ಮೇಲೊಂದು ಗಂಟೆ! ನೆರೆಹೊರೆಯವರಿಗೆ ಸದ್ದಿನ ಕಾಟವಾಗಬಾರದೆಂದು ಅಲ್ಲಿಯ ಎಷ್ಟೋ ಪಥಗಳಲ್ಲಿ ಸಂಜೆ ಇಂತಿಷ್ಟು ಹೊತ್ತಿಗೆ ಎಂಜಿನ್ನುಗಳನ್ನು ನಿಲ್ಲಿಸಬೇಕೆಂಬ ಕಟ್ಟಳೆಯಿದೆ. ಬೆಳಗ್ಗೆ ಕಳೆದ ಕಾಲು ಗಂಟೆಯನ್ನು ಸಂಜೆ ಯಾರೂ ಸಾಲವಾಗಿ ಕೊಡುವುದಿಲ್ಲ. ಕೊನೆಯ ಓಟದ ಸುತ್ತುಗಳನ್ನು ಕಡಿಮೆ ಮಾಡಬೇಕಾಗುತ್ತದೆ, ಇಲ್ಲವೆ ಓಟವನ್ನೇ ಬಿಡಬೇಕಾಗುತ್ತದೆ. ತಿಂಗಳೆಲ್ಲ ಅದಕ್ಕಾಗಿ ಕಾದ ಒಂದು ಮಗು ಕಣ್ಣೀರು ಹಾಕಿಕೊಂಡು ಮನೆಗೆ ಹೋಗುತ್ತದೆ. ತಡ ಮಾಡಿದವನಿಗೆ ಆ ಕಣ್ಣೀರು ಕಾಣುವುದೇ ಇಲ್ಲ. ತಡ ಮಾಡುವುದರಲ್ಲಿರುವ ದೊಡ್ಡ ದೋಷವೇ ಇದು. ಕಳ್ಳನಿಗಾದರೂ ತಾನು ಯಾರ ಮನೆಯಲ್ಲಿ ಕದ್ದೆನೆಂಬುದು ಗೊತ್ತಿರುತ್ತದೆ. ಹೊತ್ತನ್ನು ಕದ್ದವನಿಗೆ ಅದೂ ಗೊತ್ತಿರುವುದಿಲ್ಲ.

ಓಡಿಸುವವರ ಕಡೆಯಲ್ಲೂ ಒಂದು ವಿನೋದವಿದೆ. ಈಗ ಪ್ರತಿ ಗಾಡಿಗೂ ಒಂದು ಸಣ್ಣ ಯಂತ್ರ ಕಟ್ಟಿರುತ್ತಾರೆ. ಸುತ್ತಿನ ಕಾಲವನ್ನು ಅದು ಸೆಕೆಂಡಿನ ಸಾವಿರದ ಒಂದು ಪಾಲಿನವರೆಗೆ ಲೆಕ್ಕ ಹಾಕುತ್ತದೆ. ಆ ಸಾವಿರದೊಂದು ಪಾಲಿಗಾಗಿ ತಂದೆಯಾದವನು ಹೊಸ ಟಯರು ಕೊಳ್ಳುತ್ತಾನೆ, ಅಧಿಕಾರಿಯೊಡನೆ ವಾದ ಮಾಡುತ್ತಾನೆ. ಅದೇ ತಂದೆ ಬೆಳಗಿನ ರುಜುವಿಗೆ ಇಪ್ಪತ್ತು ನಿಮಿಷ ತಡವಾಗಿ ಬಂದು, ‘ದಾರಿಯಲ್ಲಿ ವಾಹನ ದಟ್ಟಣೆ’ ಎನ್ನುತ್ತಾನೆ! ತನಗೆ ಸೇರಿದ ಕಾಲವಾದರೆ ಸಾಸಿವೆಯ ಕಾಳಿನ ತೂಕ, ಊರಿಗೆ ಸೇರಿದ ಕಾಲವಾದರೆ ಮೂಟೆಯ ಲೆಕ್ಕವೂ ಇಲ್ಲ. ಇದು ಆ ದೇಶದ ರೋಗ ಮಾತ್ರವೆಂದು ನಗಬೇಡಿರಿ. ನಮ್ಮ ಮದುವೆಯ ಮುಹೂರ್ತಗಳನ್ನೂ ಸಭೆಗಳನ್ನೂ ಒಮ್ಮೆ ನೆನೆಸಿಕೊಳ್ಳಿರಿ.

ಹೊತ್ತಿಗೆ ಬರುವುದೊಂದೇ ಕಾಲಪಾಲನೆಯಲ್ಲ. ಯಾವಾಗ ಮುಂದಡಿಯಿಡಬೇಕು, ಯಾವಾಗ ನಿಲ್ಲಬೇಕು ಎಂಬುದೂ ಅದರಲ್ಲೇ ಸೇರಿದೆ. 1977ರ ಮಾರ್ಚ್ 5ರಂದು ದಕ್ಷಿಣ ಆಫ್ರಿಕದ ಕ್ಯಾಲಾಮಿಯಲ್ಲಿ ದೊಡ್ಡ ಕಾರುಗಳ ಪಂದ್ಯ ನಡೆದಿತ್ತು. ಪಥದ ಆಚೆ ಬದಿಯಲ್ಲಿ ನಿಂತ ಕಾರೊಂದರಲ್ಲಿ ಸಣ್ಣ ಬೆಂಕಿ ಕಾಣಿಸಿತು. ಹತ್ತೊಂಬತ್ತು ವರ್ಷದ ಮಾರ್ಷಲ್ ಒಬ್ಬನು ಬೆಂಕಿ ಆರಿಸುವ ಭಾರವಾದ ಉಪಕರಣವನ್ನು ಹೊತ್ತು, ಓಟ ನಡೆಯುತ್ತಿರುವಾಗಲೇ ಪಥಕ್ಕೆ ಅಡ್ಡವಾಗಿ ಓಡಿದನು. ವೇಗವಾಗಿ ಬಂದ ಕಾರು ಅವನಿಗೆ ಬಡಿಯಿತು. ಅವನೂ ಹೋದನು, ಕಾರಿನಲ್ಲಿದ್ದವನೂ ಹೋದನು. ಆ ತರುಣನ ಭಾವ ಎಷ್ಟು ಉದಾತ್ತ! ಆದರೆ ಆ ಕ್ಷಣ ಓಡುವ ಕ್ಷಣವಾಗಿರಲಿಲ್ಲ. ಸೇವೆಗೆ ಹೃದಯ ಬೇಕು. ಹೃದಯಕ್ಕೆ ಕಾಲಜ್ಞಾನವೆಂಬ ಕಣ್ಣೂ ಬೇಕು. ಆದುದರಿಂದಲೇ ಮಾರ್ಷಲರಿಗೆ ತರಬೇತಿ ಕೊಡುತ್ತಾರೆ, ಸಂಜ್ಞೆಯಿಲ್ಲದೆ ಪಥಕ್ಕೆ ಇಳಿಯಬಾರದೆಂದು ಕಲಿಸುತ್ತಾರೆ.

ನಮ್ಮ ಶರಣರು ಇದನ್ನು ಎಂಟು ಶತಮಾನಗಳ ಹಿಂದೆಯೇ ಬಾಳಿ ತೋರಿಸಿದರು. ಆಯ್ದಕ್ಕಿ ಮಾರಯ್ಯನ ಕಥೆ ನಿಮಗೆಲ್ಲ ಗೊತ್ತು. ಕಲ್ಯಾಣದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಆತನ ಕಾಯಕ. ಒಂದು ದಿನ ಅನುಭಾವದ ಗೋಷ್ಠಿಯಲ್ಲಿ ಮೈಮರೆತು ಕುಳಿತುಬಿಟ್ಟನು. ಪತ್ನಿ ಲಕ್ಕಮ್ಮ ಬಂದು, ಕಾಯಕ ನಿಂತಿದೆ, ಏಳು ಎಂದು ಎಚ್ಚರಿಸಿದಳು. ಕುಳಿತದ್ದು ಜೂಜಿನಲ್ಲಲ್ಲ, ಶಿವಾನುಭವದಲ್ಲಿ! ಆದರೂ ಆ ತಾಯಿ ಬಿಡಲಿಲ್ಲ. ಮತ್ತೊಮ್ಮೆ ಆತನು ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಇಷ್ಟು ನಮಗೇಕೆ, ಇದ್ದಲ್ಲಿಗೇ ಸುರಿದು ಬಾ ಎಂದಳು. ಇದರಲ್ಲಿ ಸೇವಕರಿಗೊಂದು ಪಾಠವಿದೆ. ಬೆಳಗ್ಗೆ ತಡವಾಗಿ ಬಂದು, ಆಮೇಲೆ ಎಲ್ಲರ ಕಣ್ಣಿಗೂ ಬೀಳುವಂತೆ ಇಮ್ಮಡಿ ಬೆವರು ಸುರಿಸುವವರುಂಟು. ಆ ಹೆಚ್ಚಿನ ಬೆವರು ತಪ್ಪಿಹೋದ ಹೊತ್ತಿಗೆ ಸಲ್ಲುವುದಿಲ್ಲ. ‘ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದರು’ ಎಂಬ ಗಾದೆಯಂತಾಗುತ್ತದೆ ಅದು.

ಕೂಲಿಯ ಕೆಲಸಕ್ಕೆ ತಡವಾದರೆ ಕೂಲಿ ಮುರಿಯುತ್ತಾರೆ. ಆ ಭಯ ಮನುಷ್ಯನನ್ನು ಎಬ್ಬಿಸುತ್ತದೆ. ಸೇವೆಯಲ್ಲಿ ಮುರಿಯಲು ಕೂಲಿಯಿಲ್ಲ, ಗದರಲು ಧಣಿಯಿಲ್ಲ. ಆದುದರಿಂದ ಸೇವೆಯಲ್ಲಿ ಹೊತ್ತು ಪಾಲಿಸುವವನು ಮಾತ್ರ ನಿಜವಾಗಿ ಹೊತ್ತು ಪಾಲಿಸುವವನು. ಅವನನ್ನು ಎಬ್ಬಿಸಿದ್ದು ಭಯವಲ್ಲ, ಭಕ್ತಿ. ಆ ಇಂಗ್ಲೆಂಡಿನ ಭಕ್ತರು ಚಳಿಗಾಲದಲ್ಲಿ, ಇನ್ನೂ ಕತ್ತಲಿರುವಾಗಲೇ ಎದ್ದು, ಮಳೆಯಂಗಿ ತೊಟ್ಟು ಹೋಗಿ ಪರರ ಮಕ್ಕಳಿಗಾಗಿ ದಿನವಿಡೀ ನಿಲ್ಲುತ್ತಾರೆ. ಅವರ ಕೊರಳಲ್ಲಿ ಲಿಂಗವಿದೆ, ಕೈಯಲ್ಲಿ ಹಳದಿ ಬಾವುಟವಿದೆ. ಅದನ್ನು ದಾಸೋಹವಲ್ಲವೆಂದು ಹೇಳಲು ನಮಗೆ ಮನಸ್ಸು ಬಾರದು.

ಇನ್ನು ನಮ್ಮ ಜಾತ್ರೆಯ ಸೇವೆಗೆ ಹೆಸರು ಕೊಟ್ಟಿರುವ ನೀವು ನಾಲ್ಕು ಮಾತುಗಳನ್ನು ಮನಸ್ಸಿನಲ್ಲಿಡಿರಿ. ಹೇಳಿದ ಹೊತ್ತಿಗಿಂತ ಕಾಲು ಗಂಟೆ ಮೊದಲೇ ಬನ್ನಿರಿ. ಒಲೆ ಹೊತ್ತಿಸುವವನು ತಡಮಾಡಿದರೆ ಪಂಕ್ತಿಯಲ್ಲಿ ಕುಳಿತ ಮುದುಕರೂ ಮಕ್ಕಳೂ ಹಸಿಯುತ್ತಾರೆ. ಬರಲಾಗದಿದ್ದರೆ ಹಿಂದಿನ ದಿನವೇ ತಿಳಿಸಿರಿ. ಬಾರದವನಿಗಿಂತ, ಬರುವೆನೆಂದು ಬಾರದವನಿಂದ ಹೆಚ್ಚು ತೊಂದರೆ. ಬದಲಿ ಬಂದು ನಿಲ್ಲುವವರೆಗೆ ನಿಂತ ಜಾಗ ಬಿಡಬೇಡಿರಿ. ತೇರಿನ ಗಾಲಿಗೆ ಉರುಳುಗಟ್ಟಿ ಕೊಡುವವನು ಒಂದು ಗಳಿಗೆ ಅತ್ತಿತ್ತ ನೋಡಿದರೆ ಏನಾದೀತೆಂಬುದು ನಿಮಗೆ ಗೊತ್ತು. ನಾಲ್ಕನೆಯದು, ಸೇವೆ ಮಾಡದೆ ಬರಿದೆ ಉಣ್ಣಲು, ನೋಡಲು ಬರುವವರಿಗೆ: ನೀವೂ ಹೊತ್ತಿಗೆ ಬನ್ನಿರಿ, ಸೇವಕರ ಮೇಲೆ ಸಿಡುಕಬೇಡಿರಿ, ಹೋಗುವಾಗ ಅವರಿಗೊಂದು ಒಳ್ಳೆಯ ಮಾತಾಡಿರಿ. ಗೆದ್ದವನಿಗೆ ಬಹುಮಾನ ಸಿಗುತ್ತದೆ. ಬಾವುಟ ಹಿಡಿದವನಿಗೆ ಆ ಒಳ್ಳೆಯ ಮಾತೇ ಬಹುಮಾನ.

ಸಮಯವೆಂದರೆ ಕೂಡಿ ಬರುವುದು ಎಂದು ಮೊದಲು ಹೇಳಿದೆವು. ಎಲ್ಲರೂ ಹೊತ್ತಿಗೆ ಕೂಡಿ ಬಂದರೆ ಯಾರಿಗೂ ಭಾರವಾಗದು, ಒಬ್ಬನು ತಪ್ಪಿದರೆ ಅವನ ಭಾರ ಇನ್ನೊಬ್ಬನ ಹೆಗಲಿಗೆ ಬೀಳುತ್ತದೆ. ಪರರ ಹೆಗಲಿಗೆ ಭಾರ ಹೊರಿಸದ ಬಾಳು ನಿಮ್ಮದಾಗಲಿ, ಕೊಟ್ಟ ಮಾತನ್ನು ಕಾಯುವ ಶಕ್ತಿಯನ್ನು ಪರಶಿವನು ನಿಮಗೆಲ್ಲರಿಗೂ ಕರುಣಿಸಲಿ ಎಂದು ಹಾರೈಸಿ ಈ ಮಾತುಗಳನ್ನು ಮುಗಿಸುತ್ತೇವೆ.