ಹಸುವಿಗೆ ಹಿಂಡಿ, ಹಾಲು ಕರೆಯುವವಳಿಗೆ?



ಹಸು ಸೊರಗಿದರೆ ಸಂಘದಿಂದ ಹಿಂಡಿ, ಲವಣ ಮಿಶ್ರಣ ತರ್ತೀವಿ. ಹಾಲು ಕರೆಯೋ ಹೆಣ್ಣುಮಗಳು ತಲೆಸುತ್ತು ಅಂದ್ರೆ ಒಂದು ಲೋಟ ಟೀ ಕೊಟ್ಟು ಸುಮ್ಮನಾಗ್ತೀವಿ.

ಹೆಂಗಸರಿಗೆ ಹಿಮೋಗ್ಲೋಬಿನ್ 12ಕ್ಕಿಂತ, ಗರ್ಭಿಣಿಗಾದರೆ 11ಕ್ಕಿಂತ ಕಡಿಮೆ ಇದ್ದರೆ ಅದು ರಕ್ತಹೀನತೆ. ಹುರುಳಿ, ನುಗ್ಗೆಸೊಪ್ಪು ತಿನ್ನಿ, ಮೇಲೆ ನಿಂಬೆರಸ ಬೀಳಲಿ; ಕಬ್ಬಿಣಾಂಶ ಚೆನ್ನಾಗಿ ಮೈಗೆ ಹತ್ತುತ್ತೆ. ಊಟದ ಜೊತೆಗೇ ಟೀ ಕುಡಿದರೆ ಅಷ್ಟಾಗಿ ಹತ್ತೋದಿಲ್ಲ. ಹಾಲಿನಲ್ಲೂ ಕಬ್ಬಿಣ ಬಹಳ ಕಡಿಮೆ. ಹಾಲಿನ ಸಂಘದಲ್ಲಿ ನಿಂತು ಹೇಳುವ ಮಾತಲ್ಲ, ಆದರೂ ನಿಜ.

ರಕ್ತಹೀನತೆ ಆದಮೇಲೆ ಬರೀ ಸೊಪ್ಪು ಸಾಲದು, ಡಾಕ್ಟರು ಹೇಳಿದ ಮಾತ್ರೆಯೂ ಬೇಕು. ಮಲ ಕಪ್ಪಗಾಯಿತೆಂದು ಹೆದರಿ ಅರ್ಧಕ್ಕೆ ಬಿಡಬೇಡಿ.

ಬೆಳಿಗ್ಗೆ ಹಾಲು ಹಾಕೋಕೆ ಎಲ್ಲರೂ ಇಲ್ಲಿಗೇ ಬರ್ತೀರಿ. ಅಧ್ಯಕ್ಷರೆ, ಫ್ಯಾಟ್ ನೋಡೋ ಜಾಗದಲ್ಲೇ ಒಂದು ದಿನ ನರ್ಸಮ್ಮನವರನ್ನು ಕರೆಸಿ ರಕ್ತ ಪರೀಕ್ಷೆ ಮಾಡಿಸೋಣ.