‘ಚಾನ್ಸ್ ಎಷ್ಟಿದೆ ಸರ್?’



ಎರಡನೇ ಪಿಯುಸಿ ಫಲಿತಾಂಶ ಬಂದ ಮರುದಿನ, ಪದವಿಪೂರ್ವ ಕಾಲೇಜುಗಳ ಪ್ರಾಂಶುಪಾಲರು, ಉಪನ್ಯಾಸಕರಾದ ನಿಮ್ಮ ಕೋಣೆಗೆ ಯಾರು ಬರುತ್ತಾರೆ, ಏನು ಕೇಳುತ್ತಾರೆ ಎಂಬುದು ನಿಮಗೆ ಗೊತ್ತು. ‘ಮಗಳಿಗೆ 600ಕ್ಕೆ 588 ಬಂದಿದೆ. ಹಾರ್ವರ್ಡ್‌ಗೆ ಚಾನ್ಸ್ ಎಷ್ಟಿದೆ ಸರ್?’ ಆ ಹೊತ್ತಿಗೆ ಆ ವರ್ಷದ ಕಥೆ ಮುಗಿದಿರುತ್ತದೆ. ಅಲ್ಲಿ ಅರ್ಜಿ ಹಾಕಬೇಕಾದದ್ದು ಜನವರಿಯ ಮೊದಲ ದಿನಗಳೊಳಗೆ, ತೀರ್ಮಾನ ಹೊರಬೀಳುವುದು ಮಾರ್ಚ್ ಕೊನೆಗೆ. ಬೋರ್ಡ್ ಪರೀಕ್ಷೆಯ 588 ಅವರ ಕಣ್ಣಿಗೇ ಬಿದ್ದಿರುವುದಿಲ್ಲ. ಅವರು ನೋಡುವುದು ಒಂಬತ್ತನೇ ತರಗತಿಯಿಂದ ಹಿಡಿದು ನಾಲ್ಕು ವರ್ಷಗಳ ಅಂಕಪಟ್ಟಿ. ನಮ್ಮ ಮಕ್ಕಳು ಅದನ್ನು ಎರಡು ಕಡೆಯಿಂದ, ಎಸ್ಸೆಸ್ಸೆಲ್ಸಿ ಓದಿದ ಶಾಲೆಯಿಂದ ಮತ್ತು ಪಿಯು ಕಾಲೇಜಿನಿಂದ, ಅಲೆದಾಡಿ ತರಬೇಕು.

ಪ್ರಶ್ನೆಯೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಕೇಳುವವರು ಕೇಳಿಯೇ ಕೇಳುತ್ತಾರೆ. ಉತ್ತರ ಕೊಡುವ ನಾವು ಲೆಕ್ಕವನ್ನು ಎಲ್ಲಿಂದ ಶುರುಮಾಡುತ್ತೇವೆ ಎಂಬುದಷ್ಟೇ ಇವತ್ತಿನ ನನ್ನ ತಕರಾರು.

2024ರಲ್ಲಿ ಹಾರ್ವರ್ಡ್‌ಗೆ ಬಂದ ಅರ್ಜಿಗಳು ಸುಮಾರು 54 ಸಾವಿರ, ಪ್ರವೇಶ ಸಿಕ್ಕಿದ್ದು 1,937 ಮಂದಿಗೆ. ಶೇಕಡಾ ನಾಲ್ಕಕ್ಕಿಂತ ಕಡಿಮೆ. ಈ ಸಂಖ್ಯೆಯನ್ನೇ ನಮ್ಮ ಹುಡುಗಿಯ ಹಣೆಗೆ ಅಂಟಿಸುವುದು ವಾಡಿಕೆ. ಆ ಸರಾಸರಿಯೊಳಗೆ ಯಾರ‍್ಯಾರಿದ್ದಾರೆ ನೋಡಿ. ಪ್ರವೇಶ ನೀತಿಯ ಕುರಿತು ಹಾರ್ವರ್ಡ್ ವಿರುದ್ಧ ಹೂಡಿದ್ದ ಮೊಕದ್ದಮೆ 2018ರಲ್ಲಿ ವಿಚಾರಣೆಗೆ ಬಂದಾಗ ಒಳಗಿನ ಲೆಕ್ಕವೆಲ್ಲ ಹೊರಬಿತ್ತು: ತಂಡಕ್ಕೆ ಬೇಕೆಂದು ಆರಿಸಿಕೊಂಡ ಕ್ರೀಡಾಪಟುಗಳು, ಹಳೆ ವಿದ್ಯಾರ್ಥಿಗಳ ಮಕ್ಕಳು, ದಾನಿಗಳ ಕಡೆಯವರು, ಅಧ್ಯಾಪಕರ ಮಕ್ಕಳು. ಇವರಿಗೆಲ್ಲ ಬಾಗಿಲು ಹೆಚ್ಚೇ ತೆರೆದಿತ್ತು. ನಮ್ಮ ಹುಡುಗಿ ಈ ಯಾವ ಸಾಲಿನಲ್ಲೂ ನಿಲ್ಲುವುದಿಲ್ಲ. ವಿದೇಶಿ ಅರ್ಜಿದಾರರ ವಿಷಯದಲ್ಲಿ ಎಂಐಟಿ ಮುಚ್ಚುಮರೆ ಮಾಡುವುದಿಲ್ಲ, ಅವರ ಲೆಕ್ಕವನ್ನು ಬೇರೆಯಾಗಿಯೇ ಪ್ರಕಟಿಸುತ್ತದೆ. ಒಟ್ಟಾರೆ ನೂರಕ್ಕೆ ನಾಲ್ಕೈದು ಮಂದಿಗೆ ಪ್ರವೇಶ ಸಿಕ್ಕರೆ, ವಿದೇಶಿಯರಲ್ಲಿ ಸಿಗುವುದು ಸುಮಾರು ಇಬ್ಬರಿಗೆ.

ಇನ್ನು ದುಡ್ಡಿನ ಮಾತು. ಈ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಓದು, ಊಟ, ವಸತಿ ಸೇರಿ ವರ್ಷದ ಖರ್ಚು 80 ಸಾವಿರ ಡಾಲರ್ ದಾಟುತ್ತದೆ. ನಮ್ಮ ಲೆಕ್ಕದಲ್ಲಿ 70 ಲಕ್ಷದ ಆಸುಪಾಸು. ಅದನ್ನು ನಾಲ್ಕರಿಂದ ಗುಣಿಸಿಕೊಳ್ಳಿ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್ಹರ್ಸ್ಟ್, 2022ರಿಂದ ಡಾರ್ಟ್‌ಮೌತ್ ಮತ್ತು ಬೌಡನ್, ಆಮೇಲೆ ಬ್ರೌನ್, ಹೀಗೆ ಬೆರಳೆಣಿಕೆಯ ಕೆಲವು ಕಡೆ ಮಾತ್ರ ವಿದೇಶಿ ವಿದ್ಯಾರ್ಥಿಯ ಮನೆಯ ಹಣಕಾಸನ್ನು ನೋಡದೆ ತೀರ್ಮಾನ ಕೈಗೊಳ್ಳುತ್ತಾರೆ. ಇದಕ್ಕೆ ನೀಡ್-ಬ್ಲೈಂಡ್ ಎನ್ನುತ್ತಾರೆ. ಉಳಿದೆಡೆ ‘ನೆರವು ಬೇಕು’ ಎಂಬ ಒಂದು ಗುರುತೇ ತಕ್ಕಡಿಯನ್ನು ಕೆಳಗೆಳೆಯಬಲ್ಲದು. ಸ್ಟ್ಯಾನ್‌ಫರ್ಡ್ ಇದನ್ನು ಮುಚ್ಚಿಟ್ಟಿಲ್ಲ. ಅಷ್ಟೇ ಅಲ್ಲ, ಅರ್ಜಿ ಹಾಕುವಾಗ ನೆರವು ಬೇಡವೆಂದ ವಿದೇಶಿ ವಿದ್ಯಾರ್ಥಿ ಆಮೇಲೆ ಓದು ಮುಗಿಯುವವರೆಗೂ ಅಲ್ಲಿ ನೆರವು ಕೇಳುವಂತಿಲ್ಲ. ‘ಅದೆಲ್ಲ ಹೇಗೋ ಹೊಂದಿಸ್ತೀವಿ, ನೀವು ಚಾನ್ಸ್ ಮಾತ್ರ ಹೇಳಿ’ ಎನ್ನುವ ತಂದೆಗೆ ಇದನ್ನು ಮೊದಲ ಭೇಟಿಯಲ್ಲೇ ಹೇಳಬೇಕು. ವರ್ಷಕ್ಕೆ ಎಷ್ಟು ಕಟ್ಟಬಲ್ಲಿರಿ ಎಂದು ಕೇಳುವುದು ನಮಗೆ ಮುಜುಗರ, ಅವರಿಗೂ ಮುಜುಗರ. ಆದರೆ ಆ ಉತ್ತರ ಸಿಗುವವರೆಗೆ ಅಂಕಪಟ್ಟಿ ಬಿಚ್ಚುವುದೇ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಒಂದೇ ಅಂಕ, ಒಂದೇ ಪ್ರಬಂಧವಿರುವ ಇಬ್ಬರು ಮಕ್ಕಳ ಅವಕಾಶ ಈ ಒಂದು ಉತ್ತರದಿಂದ ಎರಡು ದಿಕ್ಕಿಗೆ ಹೋಗುತ್ತದೆ.

ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳು ‘ಕಾಮನ್ ಡೇಟಾ ಸೆಟ್’ ಎಂಬ ದಾಖಲೆಯನ್ನು ಪ್ರತಿವರ್ಷ ಬಿಡುಗಡೆ ಮಾಡುತ್ತವೆ, ಯಾರು ಬೇಕಾದರೂ ಓದಬಹುದು. ಅದರ ಸಿ7 ಕೋಷ್ಟಕದಲ್ಲಿ ಅವರು ಯಾವುದಕ್ಕೆ ಎಷ್ಟು ಬೆಲೆ ಕೊಡುತ್ತಾರೆಂದಿದೆ. ಎಚ್6ರಲ್ಲಿ ಎಷ್ಟು ವಿದೇಶಿಯರಿಗೆ ಸರಾಸರಿ ಎಷ್ಟು ನೆರವು ಸಿಕ್ಕಿತೆಂದಿದೆ. ಲಕ್ಷಗಟ್ಟಲೆ ಪೀಕುವ ಏಜೆಂಟರು ಈ ಎರಡು ಪುಟ ತೋರಿಸುವುದು ಅಪರೂಪ. ಅವರ ಇನ್ನೊಂದು ಲೆಕ್ಕವನ್ನೂ ಕೇಳಿರುತ್ತೀರಿ: ‘ಒಂದು ಕಡೆ ಶೇಕಡಾ 4 ಇದ್ದರೆ ಹತ್ತು ಕಡೆ ಹಾಕಿ, ಎಲ್ಲಾದರೂ ಒಂದು ಕಡೆ ಸಿಗುವ ಚಾನ್ಸ್ 33ಕ್ಕೆ ಏರುತ್ತದೆ.’ ಹತ್ತು ಬಾರಿ ದಾಳ ಎಸೆಯುವುದಾದರೆ ಸರಿ. ಇಲ್ಲಿ ಹತ್ತೂ ಕಡೆ ಹೋಗುವುದು ಅದೇ ಕಡತ. ಒಂದು ಕಡೆ ಕಂಡ ಕೊರತೆ ಹತ್ತೂ ಕಡೆ ಕಾಣುತ್ತದೆ.

ಆ ಕಡತದಲ್ಲಿ ನಮ್ಮ ಪಾಲೂ ಇದೆ. ಒಮ್ಮೆ ಒಂದು ಕಾಲೇಜಿನ ಶಿಫಾರಸು ಪತ್ರ ನೋಡಿದೆ. ‘ಸದರಿ ವಿದ್ಯಾರ್ಥಿನಿಯು ನಮ್ಮಲ್ಲಿ ವ್ಯಾಸಂಗ ಮಾಡಿದ್ದು, ನಡತೆ ಉತ್ತಮವಾಗಿರುತ್ತದೆ’ ಎಂಬ ಧಾಟಿಯ ಮೂರು ಸಾಲು ಇಂಗ್ಲಿಷ್, ಕೆಳಗೆ ದುಂಡನೆಯ ಸೀಲು. ಅದೇ ಕಾಲೇಜಿನ ಭೌತಶಾಸ್ತ್ರದ ಮೇಡಂ ಚಹಾ ಕುಡಿಯುತ್ತ ಬೇರೆಯೇ ಸಂಗತಿ ಹೇಳಿದರು. ಲೋಲಕದ ಪ್ರಯೋಗದಲ್ಲಿ ತರಗತಿಯವರೆಲ್ಲ ಗುರುತ್ವ ವೇಗೋತ್ಕರ್ಷವನ್ನು 9.8ಕ್ಕೆ ಹೊಂದಿಸಿ ಬರೆದಾಗ, ಈ ಹುಡುಗಿ ತನಗೆ ಬಂದ 9.4ನ್ನೇ ಬರೆದಿದ್ದಳಂತೆ. ಆಮೇಲೆ ತಾನೇ ಕೂತು, ದಾರವನ್ನು ಗುಂಡಿನ ನಡುವಿನವರೆಗೆ ಅಳೆಯದೆ ಮೇಲ್ತುದಿಗೇ ನಿಲ್ಲಿಸಿದ್ದು ಕಾರಣವೆಂದು ಪತ್ತೆಹಚ್ಚಿದಳಂತೆ. ಪ್ರವೇಶ ಸಮಿತಿಗೆ ಬೇಕಾದದ್ದು ಇದೇ. ಪತ್ರದಲ್ಲಿ ಇದೊಂದು ಸಾಲೂ ಇರಲಿಲ್ಲ.

ಇಂಗ್ಲೆಂಡಿನ ದಾರಿ ಬೇರೆ. ಆಕ್ಸ್‌ಫರ್ಡ್, ಕೇಂಬ್ರಿಜ್ ಎರಡಕ್ಕೂ ಒಂದೇ ವರ್ಷ ಅರ್ಜಿ ಹಾಕುವಂತಿಲ್ಲ, ಅಕ್ಟೋಬರ್ ಮಧ್ಯಕ್ಕೇ ಗಡುವು. ಅಲ್ಲಿ ಆರಿಸುವವರು ಆ ವಿಷಯ ಕಲಿಸುವ ಅಧ್ಯಾಪಕರೇ. ಭರತನಾಟ್ಯದ ಪ್ರಶಸ್ತಿಪತ್ರ ಗಣಿತದ ಸೀಟಿಗೆ ಉಪಯೋಗಕ್ಕೆ ಬರುವುದಿಲ್ಲ. ಪದವಿ ಹಂತದಲ್ಲಿ ಭಾರತೀಯರಿಗೆ ಪೂರ್ಣ ನೆರವು ತೀರ ಅಪರೂಪ.

ಹಾಗಾಗಿ ಬಹಳ ಮಕ್ಕಳಿಗೆ ನಾನು ಎರಡನೇ ಮೆಟ್ಟಿಲಿನ ಮಾತು ಹೇಳುತ್ತೇನೆ: ಪದವಿ ಇಲ್ಲೇ ಮುಗಿಸಿ, ಮುಂದಿನ ಓದಿಗೆ ಹೊರಗೆ ಹೋಗಿ. ಗಿರೀಶ ಕಾರ್ನಾಡರು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಗಣಿತ, ಸಂಖ್ಯಾಶಾಸ್ತ್ರ ಓದಿ, ಆಮೇಲೆ ರೋಡ್ಸ್ ವಿದ್ಯಾರ್ಥಿವೇತನದಲ್ಲಿ ಆಕ್ಸ್‌ಫರ್ಡ್‌ಗೆ ಹೋದವರು. ಅಮೆರಿಕದ ದೊಡ್ಡ ವಿಶ್ವವಿದ್ಯಾಲಯಗಳ ಪಿಎಚ್‌ಡಿಯಲ್ಲಿ ಶುಲ್ಕ ಮನ್ನಾ, ತಿಂಗಳ ಭತ್ಯೆ ಸಾಮಾನ್ಯ. ಅಲ್ಲಿ ಪಾಸ್‌ಪೋರ್ಟಿನ ಬಣ್ಣಕ್ಕಿಂತ ಸಂಶೋಧನೆಯ ಒಲವೇ ಮುಖ್ಯ. ಪರಿಶಿಷ್ಟರ ಮಕ್ಕಳಿಗೆ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ, ನಮ್ಮ ರಾಜ್ಯದ ಪ್ರಬುದ್ಧ ಯೋಜನೆ ಇವೆ. ನಮ್ಮ ಎಷ್ಟು ಕಾಲೇಜುಗಳ ಸೂಚನಾ ಫಲಕದಲ್ಲಿ ಈ ಹೆಸರುಗಳಿವೆ?

ಮಧ್ಯಾಹ್ನದ ಗೋಷ್ಠಿಗೆ ನನ್ನದೊಂದು ಬೇಡಿಕೆ. ಪ್ರತಿ ಕಾಲೇಜೂ ಈಗ ಕೊಡುತ್ತಿರುವ ಶಿಫಾರಸು ಪತ್ರದ ಒಂದೊಂದು ಪ್ರತಿಯನ್ನು, ಹೆಸರು ಅಳಿಸಿ, ಮೇಜಿನ ಮೇಲಿಡಲಿ. ಅದನ್ನು ಸಾಲುಸಾಲಾಗಿ ತಿದ್ದೋಣ. ಹಣಕಾಸಿನ ಪ್ರಶ್ನೆಯನ್ನು ಪೋಷಕರಿಗೆ ಯಾವ ಮಾತಿನಲ್ಲಿ ಕೇಳಬೇಕೆಂಬುದನ್ನು ನಾಳೆ ಬೆಳಗಿನ ಗೋಷ್ಠಿ ತೀರ್ಮಾನಿಸಲಿ.